ಮೋಹಾಕ್ಷನ ಕಪ್ಪು ಲೇಖನಿ

ಏಳು ಬೆಟ್ಟಗಳ ಆಚೆ, ಮೃಗಗಳೂ ಮನುಷ್ಯರಂತೆ ಮಾತಾಡುತ್ತಿದ್ದ ಕಾಲದಲ್ಲಿ, ಚಿತ್ರಾವಳಿ ಎಂಬ ರಾಜ್ಯವಿತ್ತು. ಅಲ್ಲಿನ ರಾಜನಿಗೆ ಕತೆಯೆಂದರೆ ಪ್ರಾಣ. ಆಸ್ಥಾನದಲ್ಲಿ ಕತೆ ಹೇಳುತ್ತಿದ್ದವನು ಮೋಹಾಕ್ಷನೆಂಬ ಪಂಡಿತ. ಬೆಟ್ಟದ ಮೇಲಿನ ತನ್ನ ಗುರುಕುಲದಲ್ಲಿ ಅವನು ಕತೆ ಬರೆಯುವ ವಿದ್ಯೆಯನ್ನು ಕೇಳಿದವರಿಗೆಲ್ಲ ಕಲಿಸುತ್ತಿದ್ದ.

ಬಣ್ಣಗಾರರ ಕೇರಿಯ ಕೇತಯ್ಯನೂ ಅಲ್ಲಿಗೆ ಹೋದ. ವರ್ಷ ಕಳೆದ ಮೇಲೆ ರೇಷ್ಮೆ ಶಾಲು ಹೊದ್ದು ಮರಳಿದ. ಬಾಗಿಲಲ್ಲಿ ನಿಂತಿದ್ದ ತಾಯಿಯನ್ನು ನೋಡಿ, "ಯಾರಮ್ಮ ನೀವು?" ಎಂದು ಕೇಳಿದ.

ಅದೇ ವಾರ ಮೋಹಾಕ್ಷ ಆಸ್ಥಾನದಲ್ಲಿ ಹೊಸ ಕತೆ ಹೇಳಿದ. ಅದರಲ್ಲಿ ನೀಲಿ ಹಿಡಿದ ಕೈಗಳ ತಾಯಿಯೊಬ್ಬಳಿದ್ದಳು. ನಗುವಾಗ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ಕೇತಯ್ಯನ ತಂಗಿ ಬೊಮ್ಮಕ್ಕ ಕೇಳುಗರ ನಡುವೆ ಕೂತಿದ್ದವಳು ಬೆಚ್ಚಿ ಎದ್ದುನಿಂತಳು. ಥೇಟ್ ಅವಳ ಅಮ್ಮನೇ!

ಬೊಮ್ಮಕ್ಕನಿಗೂ ಚಿಕ್ಕಂದಿನಿಂದ ಕತೆ ಬರೆಯುವ ಆಸೆ. "ವಿದ್ಯೆಯನ್ನೂ ಕಲಿಯುತ್ತೇನೆ, ಅಣ್ಣನಿಗೆ ಏನಾಯಿತೆಂದೂ ತಿಳಿಯುತ್ತೇನೆ" ಎಂದುಕೊಂಡು ಬೆಟ್ಟ ಹತ್ತಿದಳು.

ಬಾಗಿಲಲ್ಲಿ ಸರಪಳಿ ಬಿಗಿದ ಕರಡಿಯೊಂದು ಕೂತಿತ್ತು. "ಒಳಗೆ ಹೋಗಮ್ಮ" ಎಂದಿತು. ಕಾವಲಿನ ಕರಡಿ ಇಷ್ಟು ಸುಲಭವಾಗಿ ಬಿಡುವುದೇ? ಬೊಮ್ಮಕ್ಕ ಅದರ ಕಡೆ ಬೆನ್ನು ಮಾಡದೆ, ಓರೆಯಾಗಿ ನಡೆದು ಒಳಗೆ ಹೋದಳು.

ಮೋಹಾಕ್ಷ ನಗುತ್ತ ಅವಳ ಕೈಗೆ ಕಪ್ಪು ಲೇಖನಿಯೊಂದನ್ನು ಕೊಟ್ಟ. ಅದು ಜ್ವರ ಬಂದವರ ಮೈಯಂತೆ ಬೆಚ್ಚಗಿತ್ತು.

"ಮೊದಲ ಪಾಠ. ನಿನಗೆ ಆದದ್ದೇನಾದರೂ ಬರೆ."

ದೊಡ್ಡದನ್ನು ಬರೆಯಲು ಬೊಮ್ಮಕ್ಕನಿಗೆ ಮನಸ್ಸಾಗಲಿಲ್ಲ. ಚಿಕ್ಕಂದಿನಲ್ಲಿ ಕಾಲಿಗೆ ಮುಳ್ಳು ಚುಚ್ಚಿದ್ದನ್ನು ಬರೆದಳು. ಮೋಹಾಕ್ಷ ಓದಿ, ಸಿಹಿ ತಿಂದವನಂತೆ ತುಟಿ ಸವರಿಕೊಂಡ. ಅವನು ಹೋದ ಮೇಲೆ ಅವಳು ತನ್ನ ಹಿಮ್ಮಡಿ ನೋಡಿಕೊಂಡಳು. ಗಾಯದ ಗುರುತೊಂದಿತ್ತು. ಓಲೆಯಲ್ಲಿ ಅವಳದೇ ಅಕ್ಷರದಲ್ಲಿ ಮುಳ್ಳಿನ ಕತೆಯಿತ್ತು, ಆದರೆ ಎಷ್ಟು ಯೋಚಿಸಿದರೂ ಅದೊಂದೂ ನೆನಪಾಗಲಿಲ್ಲ.

'ಬರೆದದ್ದನ್ನೆಲ್ಲ ಈ ಲೇಖನಿ ನುಂಗುತ್ತದೆ!' ಅವಳು ಲೇಖನಿಯನ್ನು ದೂರ ಸರಿಸಿದಳು.

ಮರುದಿನ ಮೋಹಾಕ್ಷ ಎಂದ, "ಎರಡನೆಯ ಪಾಠ. ನಿನ್ನ ತಾಯಿಯ ಬಗ್ಗೆ ಬರೆ."

ಬೊಮ್ಮಕ್ಕ ಇಲ್ಲದ ತಾಯಿಯೊಬ್ಬಳನ್ನು ಕಲ್ಪಿಸಿ ಬರೆದಳು. ಮೋಹಾಕ್ಷ ಓಲೆಯನ್ನು ಬಿಸಾಡಿದ. "ಇವಳು ಮರದ ಗೊಂಬೆ. ಸಂಜೆಯೊಳಗೆ ಬೇರೆ ಬರೆ!"

ಅವಳು ಹೊರಗೆ ಬಂದು ಕೂತಳು. ಕರಡಿ ಮೆಲ್ಲಗೆ ಕೇಳಿತು, "ನೀನು ಬರೆದ ತಾಯಿಗೆ ಏನು ಬೇಕು?"

"ಏನೂ ಬೇಡ. ಅವಳು ಒಳ್ಳೆಯವಳು."

"ಏನೂ ಬೇಡದವರು ಉಂಟೇ? ಅವಳಿಗೇನು ಬೇಕೋ ಅದನ್ನು ಹುಡುಕು. ಅದು ಸಿಗದ ಹಾಗೆ ಮಾಡು. ಆಮೇಲೆ ಅವಳೇ ಎದ್ದು ನಡೆಯುತ್ತಾಳೆ."

"ಇದನ್ನೆಲ್ಲ ನನಗೇಕೆ ಹೇಳುತ್ತೀಯೆ? ನಿನಗೇನು ಬೇಕು?"

"ಈ ಸರಪಳಿ ಕಳಚಬೇಕು. ನಾನೂ ಇಲ್ಲಿ ಕಲಿಯಲು ಬಂದವನೇ. ಹೆಂಡತಿಯ ಬಗ್ಗೆ ಬರೆ ಎಂದ ಮೋಹಾಕ್ಷ. ಒಲ್ಲೆ ಎಂದೆ. ಕರಡಿ ಮಾಡಿ ಇಲ್ಲಿ ಕಟ್ಟಿಹಾಕಿದ."

ಬೊಮ್ಮಕ್ಕನಿಗೆ ಪೂರ್ತಿ ನಂಬಿಕೆ ಬರಲಿಲ್ಲ. ಆದರೂ ಅದು ಹೇಳಿದಂತೆ ಮಾಡಿ ನೋಡಿದಳು. ಅವಳ ಕತೆಯ ತಾಯಿಗೆ ಒಮ್ಮೆ ಸಮುದ್ರ ನೋಡಬೇಕಿತ್ತು. ಎತ್ತಿಗೆ ಕಾಯಿಲೆ, ಮಗುವಿಗೆ ಜ್ವರ, ಹೊರಟಾಗಲೆಲ್ಲ ಏನಾದರೊಂದು ಅಡ್ಡಿ. ಕೊನೆಗೆ ಅವಳು ಶಂಖವೊಂದನ್ನು ಕಿವಿಗಿಟ್ಟುಕೊಂಡು ಕೂತಳು. ಅದನ್ನು ಓದಿ ಮೋಹಾಕ್ಷನ ಕಣ್ಣಲ್ಲಿ ನೀರು ಬಂತು. ಆದರೆ ನಾಲಿಗೆಗೆ ಎಂದಿನ ಸಿಹಿ ಹತ್ತಲಿಲ್ಲ.

"ಈ ತಾಯಿ ನಿಜವೇ?" ಎಂದು ಅವನು ಕಣ್ಣು ಕಿರಿದು ಮಾಡಿದ.

"ನಿಮಗೆ ಅಳು ಬಂತಲ್ಲ ಗುರುಗಳೇ."

ಮೂರನೆಯ ದಿನ ಅವನು ಅವಳ ಎದುರಿಗೇ ಕೂತ. "ಕೊನೆಯ ಪಾಠ. ನಿನ್ನ ಬಗ್ಗೆಯೇ ಬರೆ. ಒಂದು ಸುಳ್ಳು ಬಂದರೂ ನೀನೂ ಬಾಗಿಲಲ್ಲಿ ಕರಡಿಯಾಗುತ್ತೀ."

ಬೊಮ್ಮಕ್ಕ ಓಲೆಯ ಮೇಲಿಟ್ಟ ಲೇಖನಿಯನ್ನು ಹಿಂದೆಗೆದಳು. ಬರೆದರೆ ತಾನು ಯಾರೆಂಬುದೇ ಮರೆತುಹೋಗುತ್ತದೆ. ಎದುರಿಗಿದ್ದವನನ್ನು ದಿಟ್ಟಿಸಿ ನೋಡಿದಳು. ಇವನಿಗೆ ಏನು ಬೇಕು? ಹೊಗಳಿಕೆ. ಇಷ್ಟು ಕತೆ ಹೇಳಿದವನು ತನ್ನ ಕತೆಯನ್ನು ಒಮ್ಮೆಯೂ ಹೇಳಿಲ್ಲ!

ಅವಳು ಬರೆದಳು: 'ಒಬ್ಬ ಮಾಂತ್ರಿಕನಿದ್ದ. ಅವನಿಗೆ ಸ್ವಂತದ ಮಂತ್ರ ಒಂದೂ ಬರುತ್ತಿರಲಿಲ್ಲ. ಲೇಖನಿಯ ಮಂತ್ರವನ್ನು ಅಡುಗೆಯವನೊಬ್ಬನಿಂದ ಕದ್ದಿದ್ದ.'

"ಸುಳ್ಳು!" ಮೋಹಾಕ್ಷ ಎದ್ದು ನಿಂತ. "ಹನ್ನೆರಡು ವರ್ಷ ಗುಹೆಯಲ್ಲಿ ಒಬ್ಬನೇ ಕೂತು ಕಲಿತದ್ದು! ಇಲ್ಲಿ ಕೊಡು!"

ಅವಳ ಕೈಯಿಂದ ಲೇಖನಿ ಕಿತ್ತುಕೊಂಡು, ಅವಳ ಸಾಲನ್ನು ಹೊಡೆದುಹಾಕಿ, ಗುಹೆ ಎಲ್ಲಿತ್ತು, ಮಂತ್ರ ಯಾವುದು ಎಂದು ಒಂದನ್ನೂ ಬಿಡದೆ ಬರೆದ. ಕೊನೆಯ ಅಕ್ಷರ ಮುಗಿಯುತ್ತಲೇ ಅವನ ಕೈ ನಿಂತಿತು. ಲೇಖನಿಯನ್ನು ತಿರುಗಿಸಿ ತಿರುಗಿಸಿ ನೋಡಿದ.

"ಮಗಳೇ, ಇದೇನಿದು?" ಎಂದ.

ಬೊಮ್ಮಕ್ಕ ಆ ಓಲೆಯನ್ನೂ ಲೇಖನಿಯನ್ನೂ ಒಲೆಗೆ ಹಾಕಿದಳು. ಕೂಡಲೇ ಗೋಡೆಯ ಗೂಡುಗಳಲ್ಲಿದ್ದ ಓಲೆಕಟ್ಟುಗಳು ಬಿಚ್ಚಿಕೊಂಡವು. ಅಕ್ಷರಗಳು ಇರುವೆಗಳಂತೆ ಸಾಲುಗಟ್ಟಿ ಗೋಡೆ ಇಳಿದು, ಬೆಟ್ಟ ಇಳಿದು, ತಮ್ಮ ತಮ್ಮವರನ್ನು ಹುಡುಕಿ ಹೊರಟವು. ಬಾಗಿಲಲ್ಲಿ ಸರಪಳಿ ಕಳಚಿ ಬಿತ್ತು. ನರೆತ ಗಡ್ಡದ ಮನುಷ್ಯನೊಬ್ಬ, "ನಾಗಲೆ! ನಾಗಲೆ!" ಎಂದು ಹೆಂಡತಿಯ ಹೆಸರು ಕೂಗುತ್ತ ಊರ ಕಡೆ ಓಡಿದ.

ಬೊಮ್ಮಕ್ಕ ಮನೆ ಮುಟ್ಟುವ ಹೊತ್ತಿಗೆ ಕೇತಯ್ಯ ಅಂಗಳದಲ್ಲಿ ನಿಂತು ಅಳುತ್ತಿದ್ದ. ತಾಯಿ ಮಾತ್ರ ಹೊಸಿಲಿಗೆ ಅಡ್ಡ ನಿಂತಿದ್ದಳು. ಆ ಶಾಲಿನ ಮೇಲೆ ಅವಳಿಗಿನ್ನೂ ನಂಬಿಕೆಯಿರಲಿಲ್ಲ.

"ನಾನು ಯಾರು, ಹೇಳು."

"ಅಮ್ಮ."

"ಯಾರು ಬೇಕಾದರೂ ಹಾಗನ್ನುತ್ತಾರೆ. ಸರಿಯಾಗಿ ಹೇಳು."

"ಸಾರಿಗೆ ಎರಡು ಸಲ ಉಪ್ಪು ಹಾಕಿ, ನಾನು ಹಾಕಲೇ ಇಲ್ಲ ಅನ್ನುವವಳು."

ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕು, ದಾರಿ ಬಿಟ್ಟಳು. ಅಂದಿನ ಸಾರೂ ಉಪ್ಪುಪ್ಪಾಗಿತ್ತು. ಮೂವರೂ ಎರಡೆರಡು ಸಲ ಬಡಿಸಿಕೊಂಡು ಉಂಡರು. ಆಮೇಲೆ ಬಹುಕಾಲ ಅವರೂ, ಆ ರಾಜ್ಯದವರೆಲ್ಲರೂ ನೆಮ್ಮದಿಯಿಂದ ಬಾಳಿದರು.