ಹರಿಣಿ ಹೇಳದೆ ಉಳಿಸಿಕೊಂಡದ್ದು

“ಏನ್ರೀ, ಸತ್ತವರ ಮೈ ಕೊಯ್ಯಾಕ ಸಹಿ ಹಾಕಿಸ್ಕೊಳ್ಳಾಕ ಕುಂತೀರೇನು? ಅದೂ ಯುಗಾದಿ ದಿನ!”

ಲಾಸ್ ಏಂಜಲೀಸ್‌ಗೆ ದಕ್ಷಿಣದ ರಾಂಚೊ ಬರ್ನಾರ್ಡೊದ ಪಾರ್ಕಿನಲ್ಲಿ ಕನ್ನಡಿಗರೆಲ್ಲ ಹಬ್ಬದೂಟಕ್ಕೆ ಸೇರಿದ್ದರು. ಅಂಗಾಂಗ ದಾನಕ್ಕೆ ಹೆಸರು ನೋಂದಾಯಿಸುವ ಮೇಜಿನ ಹಿಂದೆ ಕೂತಿದ್ದ ಹರಿಣಿಯ ಮುಖ ಕೆಂಪಾಯಿತು.

“ಬೇಡದಿದ್ರೆ ಬಿಡಿ ಸಾರ್. ಕೂಗಾಡಬೇಡಿ!”

ಕೂಗಿದವನು ಹುಬ್ಬಳ್ಳಿಯ ಏಕನಾಥ, ಟೊರ್ರಿ ಪೈನ್ಸ್‌ನ ಲ್ಯಾಬೊಂದರಲ್ಲಿ ಸಂಶೋಧಕ. ಊಟವಾದ ಮೇಲೆ ತಾನೇ ಬಂದು ತಲೆ ತಗ್ಗಿಸಿ ನಿಂತ. “ತಪ್ಪಾತ್ರಿ. ಸಿಟ್ಟು ನಿಮ್ಮ ಮ್ಯಾಲಲ್ಲ.”

ಯಾರ ಮೇಲೆ ಎಂದು ಅವಳು ಕೇಳಲಿಲ್ಲ. ಅವನೂ ಹೇಳಲಿಲ್ಲ.

ಕ್ಷಮೆ ಕೇಳಿದವನು ಕಾಫಿಗೆ ಕರೆದ. ಕಾಫಿ ಮುಗಿದರೂ ಮಾತು ಮುಗಿಯಲಿಲ್ಲ. ಆಮೇಲೆ ಪ್ರತಿ ಭಾನುವಾರ ಲಾ ಹೋಯಾದ ಕಡಲಂಚಿನಲ್ಲಿ ಇಬ್ಬರೂ ನಡೆಯತೊಡಗಿದರು.

ಆದರೆ ಒಂದು ಮಾತು ಹರಿಣಿಯ ಗಂಟಲಲ್ಲೇ ಉಳಿದಿತ್ತು. ನಾಲ್ಕು ವರ್ಷದ ಹಿಂದೆ ಅವಳ ಲಿವರ್ ಕೆಟ್ಟಾಗ, ತೀರಿಕೊಂಡ ಯಾರೋ ಅಪರಿಚಿತರ ಲಿವರ್ ಅವಳನ್ನು ಬದುಕಿಸಿತ್ತು. ಇದು ಗೊತ್ತಾದರೆ ಅವನು...? ಅಂದು ಅವನು ಕೂಗಿದ್ದು ನೆನಪಾದಾಗಲೆಲ್ಲ ಅವಳ ಬಾಯಿ ಕಟ್ಟುತ್ತಿತ್ತು.

ಸೆಪ್ಟೆಂಬರಿನ ಒಂದು ಬೆಳಿಗ್ಗೆ ಲಾಸ್ ಏಂಜಲೀಸ್‌ನ ಆಸ್ಪತ್ರೆಯಿಂದ ಫೋನ್ ಬಂತು. ರಕ್ತಪರೀಕ್ಷೆ ಸರಿಯಿಲ್ಲ. ದೇಹ ಆ ಲಿವರನ್ನು ಒಲ್ಲೆನ್ನುತ್ತಿರಬಹುದು. ಇವತ್ತೇ ಲಿವರಿನ ಚೂರು ತೆಗೆದು ನೋಡುವ ಬಯಾಪ್ಸಿ ಆಗಬೇಕು, ಜೊತೆಗೆ ಒಬ್ಬರು ಇರಲೇಬೇಕು.

ಅಪ್ಪ ಅಮ್ಮ ಮೈಸೂರಿನಲ್ಲಿ. ಇಲ್ಲಿ ಅವನಲ್ಲದೆ ಇನ್ಯಾರು...?

ಫ್ರೀವೇಯಲ್ಲಿ ಅವನ ಪಕ್ಕ ಕೂತು, ಕಿಟಕಿಯಾಚೆ ನೋಡುತ್ತಲೇ ಎಲ್ಲವನ್ನೂ ಹೇಳಿಬಿಟ್ಟಳು.

ಏಕನಾಥ ಒಮ್ಮೆಯೂ ಅವಳತ್ತ ತಿರುಗದೆ ಆಸ್ಪತ್ರೆವರೆಗೂ ಕಾರು ಓಡಿಸಿದ.

‘ಮುಗೀತು... ಇವರಿಗೆ ಅಸಹ್ಯ ಆಗಿರಬೇಕು,’ ಅಂದುಕೊಂಡಳು ಹರಿಣಿ.

ಬಯಾಪ್ಸಿ ಮುಗಿದು ಅವಳನ್ನು ಹೊರಗೆ ತಂದಾಗ ಹಾಸಿಗೆ ಪಕ್ಕದ ಕುರ್ಚಿ ಖಾಲಿಯಿತ್ತು. ಒಂದು ಗಂಟೆ... ಎರಡು ಗಂಟೆ... ಪಕ್ಕೆಯ ನೋವಿಗಿಂತ, ವರದಿಯ ಭಯಕ್ಕಿಂತ ಆ ಖಾಲಿ ಕುರ್ಚಿಯೇ ಹೆಚ್ಚು ಚುಚ್ಚಿತು.

ಕೊನೆಗೆ ಪರದೆ ಸರಿಯಿತು. ಏಕನಾಥ! ಅತ್ತು ಅತ್ತು ಕಣ್ಣುಗಳು ಕೆಂಪಾಗಿದ್ದವು.

“ಹೋಗಿಬಿಟ್ರಿ ಅಂದ್ಕೊಂಡೆ...”

“ಕೆಳಗ ಕಾರಿನಾಗ ಕುಂತಿದ್ದೆ. ನಿಮ್ಮ ಮಾರಿ ನೋಡೋ ಧೈರ್ಯ ಇರಲಿಲ್ಲ, ಹರಿಣಿ.” ಅವನು ಆ ಖಾಲಿ ಕುರ್ಚಿಗೆ ಬಂದು ಕೂತ. “ನನ್ನ ತಮ್ಮ ಗೋಪಿ... ಮೂರು ವರ್ಷದ ಹಿಂದ ಬೈಕ್ ಆಕ್ಸಿಡೆಂಟ್. ಮಿದುಳು ಸತ್ತೈತಿ, ಅಂಗಾಂಗ ಕೊಡ್ತೀರೇನು ಅಂತ ಕೇಳಿದ್ರು. ಅಪ್ಪ-ಅವ್ವ ಇಲ್ಲದ ಹುಡುಗನ್ನ ನಾನೇ ಬೆಳೆಸಿದ್ದೆ... ಕೇಳಾಕ ಬಂದವರನ್ನ ಒದರಿ ಕಳಿಸಿಬಿಟ್ಟೆ! ನಿಮ್ಮಂಥಾಕಿ ಯಾರೋ ಅವತ್ತು ಕಾಯ್ತಿದ್ದಿರಬೇಕು. ಆಕಿ ಏನಾದಳೋ...”

ಹರಿಣಿ ಅವನ ಕೈ ಹಿಡಿದಳು.

“ಆ ಗಳಿಗೇಲಿ ಯಾರಿಗೆ ಏನು ತೋಚುತ್ತೆ ಹೇಳಿ? ಗೋಪಿಗೆ ಏನಿಷ್ಟ ಇತ್ತು ಅಂತ ನಿಮಗೆ ಗೊತ್ತಿರಲಿಲ್ಲ. ಅದಕ್ಕೇ, ಬದುಕಿರುವಾಗಲೇ ಹೆಸರು ಬರೆಸಿ, ಮನೆಯವರಿಗೆ ಹೇಳಿಡಿ ಅಂತ ಎಲ್ಲರನ್ನೂ ಕಾಡ್ತೀನಿ.”

“ಈಗ ಕಾರಿನಾಗ ಕುಂತು ಫೋನಿನಾಗ ನಾನೂ ಹೆಸರು ಬರೆಸಿದೆ.” ಅವನು ಮುಖ ಒರೆಸಿಕೊಂಡ. “ಆದ್ರ ಹೇಳಿಡಾಕ ನನಗ ಮನಿಯವರು ಅಂತ ಯಾರೂ ಇಲ್ಲ... ನೀವು ಆಗ್ತೀರೇನು?”

ಅವಳು ಹಿಡಿದ ಕೈಯನ್ನು ಬಿಡಲಿಲ್ಲ.

“ವರದಿ ಬಂದಿಲ್ಲ, ಏಕನಾಥ. ಕೆಟ್ಟದಾಗಿದ್ರೆ?”

“ಬರೋದಕ್ಕಿಂತ ಮೊದಲೇ ಕೇಳಬೇಕಂತ ಓಡಿ ಬಂದೆ.”

ಸಂಜೆ ಡಾಕ್ಟರ್ ಬಂದರು. ತೊಂದರೆ ಆರಂಭದಲ್ಲೇ ಸಿಕ್ಕಿದೆ, ಔಷಧ ಹೆಚ್ಚಿಸಿದರೆ ಹತೋಟಿಗೆ ಬರಬಹುದು ಎಂದರು. ಬರಬಹುದು... ಅಷ್ಟು ಸಾಕಾಗಿತ್ತು!

“ಈಗರ ಉತ್ತರ ಹೇಳ್ರಿ.”

“ಮನೆಯವಳನ್ನ ಯಾರಾದ್ರೂ ‘ರೀ’ ಅಂತಾರಾ?”

ಅವನು ತಡವರಿಸಿದ. “...ಹೇಳು, ಹರಿಣಿ.”

“ಹ್ಞೂಂ.”