ಕೆಳಗಿನ ಲೈನಿಗೆ ದಾಟದ ಕೂಗು

ಬುಧವಾರ ಬೆಳಿಗ್ಗೆ ಹತ್ತಕ್ಕೆ ಮುತ್ತ ಠಾಣೆಗೆ ಬಂದ. ಹಿಂದಿನ ದಿನ ಕಾಫಿ ಕುಯ್ಯುತ್ತಿದ್ದ ಅವನ ಹೆಂಡತಿ ಮಾರಿಯನ್ನು ಆನೆ ಎತ್ತಿ ಎಸೆದಿತ್ತು. ಅವಳು ಮಡಿಕೇರಿ ಆಸ್ಪತ್ರೆಯಲ್ಲಿದ್ದಳು.

"ಆನೆ ಮೇಲಿನ ದೂರು ಫಾರೆಸ್ಟ್‌ನವರಿಗೆ ಕೊಡು," ಎಂದರು ಇನ್‌ಸ್ಪೆಕ್ಟರ್ ಪದ್ಮಯ್ಯ.

"ದೂರು ಆನೆ ಮೇಲಲ್ಲ ಸಾರ್, ವಾಕಿಟಾಕಿ ಮೇಲೆ. ಮೇಲಿನ ತೋಟದವರಿಗೆಲ್ಲ ಒಟ್ಟಿಗೆ ಕೂಗು ಕೇಳ್ತು, ಓಡಿದ್ರು. ಕೆಳಗೆ ಕೆಲವರಿಗೆ ತಡವಾಗಿ ಬಂತು. ಮಾರಿಗೆ ಬರಲೇ ಇಲ್ಲ. ಆನೆ ಇನ್ನೂ ತೋಟದಲ್ಲೇ ಉಂಟು. ನಾಳೆ ಯಾರ ಹೆಂಡತಿ?"

ಎಫ್‌ಐಆರ್ ಆಯಿತು.

ಮುತ್ತ ದುಡಿಯುವ ಎಸ್ಟೇಟಿನ ವಾಕಿಟಾಕಿಗಳು ವೈಫೈ ಮೇಲೆ ನಡೆಯುವಂಥವು. ಮೇಲಿನ ತೋಟಕ್ಕೊಂದು ನೆಟ್‌ವರ್ಕ್, ಕೆಳಗಿನ ತೋಟಕ್ಕೂ ಅಲ್ಲಿನ ಕೂಲಿಯವರ ಲೈನ್‌ಮನೆಗಳಿಗೂ ಇನ್ನೊಂದು. "ಎಲ್ಲರಿಗೂ ಕೂಗೋದಕ್ಕೆ ಮಲ್ಟಿಕಾಸ್ಟ್ ಅಂತಾರೆ ಸಾರ್," ಎಂದಳು ಕಾನ್‌ಸ್ಟೇಬಲ್ ಮೋನಿಷಾ. "ಒಬ್ಬರನ್ನೇ ಕರೆದ್ರೆ ಕೆಳಗೆ ದಾಟುತ್ತೆ, ಇದು ತಾನಾಗಿ ದಾಟಲ್ಲ. ಹಣ್ಣು ಸುಲಿಯೋ ಪಲ್ಪಿಂಗ್ ಮನೆಯಲ್ಲಿರೋ ರೂಟರ್ ಪೆಟ್ಟಿಗೆ ದಾಟಿಸ್ಬೇಕು."

ಪೆಟ್ಟಿಗೆ, ತೋಟದ ಹಾಜರಿ ಬರೆಯುವ ರೈಟರ್ ಅನೀಶನ ಸುಪರ್ದಿಯಲ್ಲಿತ್ತು.

"ಎಲ್ಲ ಸರಿ ಉಂಟು ಸಾರ್. ಇವತ್ತೂ ಸೆಟ್ಟಿನಲ್ಲೇ ಹಾಜರಿ ಕರೆದೆ. ಒಬ್ಬೊಬ್ಬರೂ ಉತ್ತರ ಕೊಟ್ರು."

"ಹಾಗಾದ್ರೆ ನಡಿ, ಸ್ಥಳ ಮಹಜರು ಮಾಡೋಣ. ಮೇಲಿನ ತೋಟದಲ್ಲಿ ಗುರುವಪ್ಪ ಸೆಟ್ಟು ಹಿಡಿದು ಕಾವಲಿದ್ದಾನೆ. ಆನೆ ಕಂಡ್ರೆ ಎಲ್ಲರಿಗೂ ಕೂಗ್ತಾನೆ."

ಅನೀಶ ಎಲ್ಲರಿಗಿಂತ ಹಿಂದೆ ಹೊರಟ.

ಮಾರಿ ಬಿದ್ದಲ್ಲಿ ಹಣ್ಣು ಚೆಲ್ಲಿತ್ತು, ಚೀಲ ಹರಿದಿತ್ತು. ಸಾಕ್ಷಿಗೆ ಬಂದ ಪಂಚರು ಆ ಕಡೆ ಈ ಕಡೆ ನೋಡುತ್ತಲೇ ನಿಂತರು. ಆನೆಯನ್ನು ಹಿಂದೆ ಕಾಣದವರು ಅಲ್ಲಿ ಯಾರೂ ಇರಲಿಲ್ಲ. ಹತ್ತಿರದಲ್ಲೇ ಬಿದಿರು ಲಟಕ್ಕೆಂದಿತು. ಎಲ್ಲರೂ ಇನ್‌ಸ್ಪೆಕ್ಟರರ ಕೈಯಲ್ಲಿದ್ದ ತೋಟದ ಸೆಟ್ಟು ನೋಡಿದರು. ಅದು ಸುಮ್ಮನಿತ್ತು.

ಅನೀಶ ಅವರ ತೋಳು ಹಿಡಿದೆಳೆದ. "ಓಡಿ ಸಾರ್! ಅದ್ರಲ್ಲಿ ಬರಲ್ಲ!"

ಓಡಿ ಜೀಪು ಸೇರಿದ ಮೇಲೆ ಪದ್ಮಯ್ಯ ಏದುಸಿರು ಬಿಡುತ್ತಲೇ ಕೇಳಿದರು, "ಎಲ್ಲ ಸರಿ ಅಂದವ ನೀನೇ ಅಲ್ವಾ?"

ಸಂಜೆ ನಾಲ್ಕಕ್ಕೆ ಪಂಚರ ಎದುರು ಅವನೇ ಪೆಟ್ಟಿಗೆ ತೆರೆದು ತೋರಿಸಿದ. ಗುಂಪಿನ ಕೂಗು ಕೆಳಗೆ ದಾಟದಂತೆ ದಾರಿ ಮುಚ್ಚಿತ್ತು. ಪಂಚನಾಮೆ ಬರೆದು ಅವನನ್ನು ದಸ್ತಗಿರಿ ಮಾಡಿದರು.

"ಯಾಕೆ?" ಎಂದರು ಪದ್ಮಯ್ಯ.

"ಅಪ್ಪನನ್ನು ಆನೆ ಕೊಂದದ್ದು ಅಮ್ಮನ ಕಣ್ಣೆದುರೇ. ನಮ್ಮ ಮನೆ ಲೈನಿನ ಪಕ್ಕವೇ. ಅಲ್ಲಿನ ಸೆಟ್ಟುಗಳೆಲ್ಲ ಒಟ್ಟಿಗೆ ಕೂಗಿದ್ರೆ ಅಮ್ಮ ಕಿರುಚಿ ಅಂಗಳಕ್ಕೆ ಓಡ್ತಾರೆ, ಬೀಳ್ತಾರೆ. ಆನೆ ಬಂದ್ರೆ ನಾನೇ ಒಬ್ಬೊಬ್ಬರನ್ನೇ ಕರೆದು ಹೇಳ್ತೇನೆ ಅಂದ್ಕೊಂಡೆ."

"ನಿನ್ನೆ ಕರೆದೆಯಾ?"

"ಕರೆದೆ. ಹೆದರಿಕೆಗೆ ಬೇರೇನೂ ತೋಚಲಿಲ್ಲ, ಹಾಜರಿ ಕರೆಯೋ ಹಾಗೇ ಕರೆದೆ. ಮಾರಿ ಹೆಸರು ಕೊನೆಗೆ."

ಮೋನಿಷಾ ದಾರಿ ತೆರೆದು, ಪರೀಕ್ಷೆಗೆಂದು ಎಲ್ಲರಿಗೂ ಕೂಗುವ ಗುಂಡಿ ಒತ್ತಿದಳು. ಲೈನಿನ ಸೆಟ್ಟುಗಳೆಲ್ಲ ಒಮ್ಮೆಲೇ ಕೂಗಿದವು. ಅದರ ಹಿಂದೆಯೇ ಅನೀಶನ ಮನೆಯಿಂದ ಅವನ ತಾಯಿಯ ಚೀತ್ಕಾರ. ಜೀಪಿನಲ್ಲಿದ್ದ ಅನೀಶ ಕಣ್ಣು ಮುಚ್ಚಿಕೊಂಡ.

ಆ ಮನೆ ಕಡೆ ಮೊದಲು ಓಡಿದವನು ಮುತ್ತ.