ಗಡುವಿನ ದಿನ ಬಂದ ಗಾಡಿ

೧೯೮೮ರ ಫೆಬ್ರುವರಿಯ ಒಂದು ಮಧ್ಯಾಹ್ನ. ಬ್ಯಾಡಗಿ ಠಾಣೆಯೊಳಗೂ ಮೆಣಸಿನಕಾಯಿ ಘಾಟು ತೇಲುತ್ತಿತ್ತು. ಊರಿಗೆ ಊರೇ ಕೆಂಪು ನಿದ್ದೆಯಲ್ಲಿತ್ತು. ಅಂಥಾದ್ದರಲ್ಲಿ ದಲಾಲಿ ಅಂಗಡಿಯ ಅಂದಾನೆಪ್ಪ ಸೀನುತ್ತ ಬಂದು ದೂರು ಕೊಟ್ಟ.

“ಫಕ್ಕೀರೇಶ ಅನ್ನಾವ ಎತ್ತು, ಗಾಡಿ ತಗೋತೇನಿ ಅಂತ ಸಾಲ ಒಯ್ದಾನ್ರಿ. ಮೋಟೆಬೆನ್ನೂರಾಗ ಮನಿ ತೋರಿಸಿದ. ನಿನ್ನೆ ಹೋಗಿ ನೋಡಿದ್ರ ಅದು ಅವನ ಮನಿನೇ ಅಲ್ಲ!”

“ಕಾಗದ?” ಸಬ್ ಇನ್ಸ್‌ಪೆಕ್ಟರ್ ಲಕ್ಕಪ್ಪ ಕೇಳಿದ.

“ಕಾಗದ ಯಾತಕ್ರಿ? ಸಾಲ ಕೇಳಿದಾವನ ಮನಿಗೆ ಹೋಗೂದು, ಬಣವಿ ನೋಡೂದು, ನೀರು ಕುಡಿಯೂದು. ನೀರು ಕೊಡೋ ರೀತಿಯೊಳಗ ಮನಿತನ ತಿಳೀತೈತಿ. ಅಪ್ಪನ ಕಾಲದಿಂದ ಇದ ನಮ್ಮ ರೂಢಿ.”

ಎಫ್‌ಐಆರ್ ಆಯಿತು. ಪೇದೆ ಕಾಸೀಮಸಾಬನೊಡನೆ ಲಕ್ಕಪ್ಪ ಮೋಟೆಬೆನ್ನೂರಿಗೆ ಹೋದ. ಮನೆಯೊಡತಿ ಹೊಳಿಯವ್ವ ಯಾಕೆ ಬಂದಿರಿ ಎನ್ನದೆ ಬೆಲ್ಲ, ನೀರು ತಂದಿಟ್ಟಳು.

“ಫಕ್ಕೀರೇಶನ ಗುರುತು ಐತೇನವ್ವ?”

“ಇಲ್ರಿ. ಒಂದಿನ ಇಬ್ಬರು ಬಂದು ನೀರು ಕೇಳಿದ್ರು, ಕೊಟ್ಟೆ. ಕಟ್ಟಿ ಮ್ಯಾಲೆ ಕುಂತು ಕುಡದು ಹೋದ್ರು.”

“ಯಾರು ಅಂತ ಕೇಳಲಿಲ್ಲ?”

“ಬಾಯಾರಿ ಬಂದವ್ರನ್ನ ಹಂಗ ಕೇಳ್ತಾರೇನ್ರಿ?”

ಲಕ್ಕಪ್ಪನಿಗೆ ನಗು ತಡೆಯಲಾಗಲಿಲ್ಲ. ಇದೇ ನೀರು ಕುಡಿದು, ಇದು ಫಕ್ಕೀರೇಶನದೇ ಮನೆಯೆಂದು ನಂಬಿ ಅಂದಾನೆಪ್ಪ ಬೆಪ್ಪಾಗಿದ್ದ. ಪಂಚನಾಮೆ ಮುಗಿಯಿತು. ಊರಲ್ಲಿ ಫಕ್ಕೀರೇಶನೆಂಬವನೇ ಇರಲಿಲ್ಲ. ಉಳಿದದ್ದು ಒಂದೇ ದಾರಿ: ಅವನು ಸಾಲ ತೀರಿಸುತ್ತೇನೆಂದಿದ್ದ ಗಡುವು, ಬರುವ ಶುಕ್ರವಾರ.

“ಸುಳ್ಳ ಮನಿ ತೋರಿಸಿದಾವ ಖರೇ ಬರ್ತಾನೇನ್ರಿ ಸಾಹೇಬ್ರ?” ಕಾಸೀಮಸಾಬ ಗೊಣಗಿದ. ಆದರೂ ಶುಕ್ರವಾರ ಅಂದಾನೆಪ್ಪನ ಅಂಗಡಿಯಲ್ಲಿ ಕಾದರು.

ಸಂಜೆ ಕೆಂಪು ದೂಳಿನೊಳಗಿಂದ ಎತ್ತಿನ ಗೆಜ್ಜೆ ಸದ್ದು ಕನಸಿನಲ್ಲಿ ಕೇಳಿದಂತೆ ಬಂತು. ಗಾಡಿಯಿಂದ ಫಕ್ಕೀರೇಶ ಇಳಿದ. ಕೈಯಲ್ಲಿ ಹಣದ ಗಂಟಿತ್ತು.

“ತಗೋರಿ ಸಾವ್ಕಾರ್ರ, ಬಡ್ಡಿ ಸಮೇತ ಐತಿ.”

ಕಾಸೀಮಸಾಬ ಅವನ ರಟ್ಟೆ ಹಿಡಿದ. ಅಂದಾನೆಪ್ಪ ಠಾಣೆಯವರೆಗೂ ಹಿಂದೆಯೇ ಬಂದ.

“ಸುಳ್ಳ ಯಾಕ ಹೇಳಿದಿ?” ಠಾಣೆಯಲ್ಲಿ ಲಕ್ಕಪ್ಪ ಕೇಳಿದ.

“ನಾ ರಾಣೆಬೆನ್ನೂರು ಟೇಸನ್ನಿನ ಹಮಾಲ ಅದೇನ್ರಿ. ಬಾಡಿಗಿ ಖೋಲಿಯೊಳಗ ಇರ್ತೇನಿ. ಚೀಲ ಹೊತ್ತು ಬೆನ್ನು ಹೋತು, ಗಾಡಿ ಬೇಕಾಗಿತ್ತು. ಮದಲ ಬ್ಯಾರೆ ಸಾವ್ಕಾರ್ರಿಗೆ ಖರೇ ಮನಿ ತೋರಿಸಿದ್ದೆ. ಅವರು ಹೊಸ್ತಿಲಾನೂ ದಾಟಲಿಲ್ಲ, ನನ್ನ ಹೆಂಡ್ತಿ ತಂದ ನೀರೂ ಮುಟ್ಟಲಿಲ್ರಿ.”

ಲಕ್ಕಪ್ಪನಿಗೆ ಕೆಡುಕೆನಿಸಿತು. ಆದರೂ ಬಂಧನ ದಾಖಲಿಸಿದ.

“ಜಾಮೀನಿಗೆ ಯಾರದಾರ?”

ಬಾಗಿಲಲ್ಲಿ ನಿಂತಿದ್ದ ಅಂದಾನೆಪ್ಪ ಕೆಮ್ಮಿದ.

“ನಾ ಅದೇನಿ, ಬರಕೊಳ್ರಿ.”

“ಇವನ ಖರೇ ಮನಿ ನೋಡೀರೇನು?”

“ಇನ್ನೂ ಇಲ್ರಿ. ನಾಳೆ ಹೋಗಿ ನೀರು ಕುಡದು ಬರ್ತೇನಿ.”